ಹನ್ನೆರಡು ಮಂದಿಯ ಗೋಡೆ: ಪುಣೆಯಲ್ಲಿ ಒಂದು ನಾಟಕ ಕಟ್ಟಿದ ಬಗೆ

ಪುಣೆಯ ಪೂರ್ವದಲ್ಲಿ, ಮುಳಾ-ಮುಠಾ ನದಿಯ ದಂಡೆಗಿರುವ ಖರಾಡಿ ಇಂದು ಐಟಿ ಕಚೇರಿಗಳ ಬಡಾವಣೆ. ಅಲ್ಲಿಂದ ನಗರ್ ರಸ್ತೆ ಹಿಡಿದು ಪಶ್ಚಿಮಕ್ಕೆ ಬಂದರೆ ಹಳೆಯ ಪುಣೆಯ ಪೇಠಗಳು ಸಿಗುತ್ತವೆ. ಅವುಗಳಲ್ಲೊಂದು ಸದಾಶಿವ ಪೇಠ. ಅಲ್ಲಿನ ಭರತ ನಾಟ್ಯ ಮಂದಿರದಲ್ಲಿ 1972ರ ಡಿಸೆಂಬರ್ 16ರಂದು ‘ಘಾಶೀರಾಮ್ ಕೋತ್ವಾಲ್’ ಎಂಬ ಮರಾಠಿ ನಾಟಕ ಮೊದಲ ಸಲ ರಂಗಕ್ಕೆ ಬಂತು. ಬರೆದವರು ವಿಜಯ್ ತೆಂಡುಲ್ಕರ್, ನಿರ್ದೇಶಿಸಿದವರು ಡಾ. ಜಬ್ಬಾರ್ ಪಟೇಲ್. ನಾಟಕವೆಂಬುದು ಒಬ್ಬರ ಕೈಕೆಲಸವಲ್ಲ, ಹಲವರ ಕೂಡುಕಟ್ಟು ಎಂಬುದಕ್ಕೆ ಭಾರತದ ಆಧುನಿಕ ರಂಗಭೂಮಿಯಲ್ಲಿ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ.

ಕೂಡಿ ಕಟ್ಟುವುದೆಂದರೆ

ನಿರ್ದೇಶಕ ಎಲ್ಲವನ್ನೂ ಮೊದಲೇ ತಲೆಯಲ್ಲಿ ಬರೆದಿಟ್ಟುಕೊಂಡು, ನಟರಿಂದ ಅದನ್ನು ಒಪ್ಪಿಸಿಕೊಳ್ಳುವುದು ಒಂದು ಕ್ರಮ. ಸಂಗೀತಗಾರ, ನೃತ್ಯ ಸಂಯೋಜಕ, ನಟರು ತಾಲೀಮಿನಲ್ಲಿ ಹುಟ್ಟಿಸಿದ್ದನ್ನು ನೋಡಿ, ಆರಿಸಿ, ಹೊಂದಿಸುವುದು ಇನ್ನೊಂದು. ಎರಡನೆಯದರಲ್ಲಿ ನಿರ್ದೇಶಕನ ಅಧಿಕಾರ ಕಡಿಮೆಯಾಗುವುದಿಲ್ಲ. ಅದು ಆರಂಭದಿಂದ ಕೊನೆಗೆ ಸರಿಯುತ್ತದೆ. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬ ತೀರ್ಮಾನ ಅವನದೇ.

ಕನ್ನಡಿಗರಿಗೆ ಇದು ಹೊಸತಲ್ಲ. ಯಕ್ಷಗಾನದಲ್ಲಿ ಭಾಗವತರನ್ನು ಮೊದಲನೇ ವೇಷ ಎನ್ನುತ್ತಾರೆ. ಆಟ ನಡೆಸುವವರು ಅವರೇ. ಆದರೆ ಅರ್ಥ ಹೇಳುವ ವೇಷಧಾರಿಯ ಮಾತನ್ನು ಅವರು ಬರೆದುಕೊಡುವುದಿಲ್ಲ.

ನಾಟಕದ ಹಿನ್ನೆಲೆ

ಪೇಶ್ವೆಯರ ಕಾಲದ ಪುಣೆಯಲ್ಲಿ ಘಾಶೀರಾಮ್ ಎಂಬ ಕೋತ್ವಾಲ, ಅಂದರೆ ನಗರದ ಪೊಲೀಸ್ ಮುಖ್ಯಸ್ಥ, ಇದ್ದದ್ದೂ, 1791ರಲ್ಲಿ ಅವನ ಸೆರೆಯಲ್ಲಿದ್ದ ತೆಲುಗು ಬ್ರಾಹ್ಮಣರು ಉಸಿರುಕಟ್ಟಿ ಸತ್ತ ಬಳಿಕ ಜನ ಅವನನ್ನು ಕಲ್ಲಿನಿಂದ ಹೊಡೆದು ಕೊಂದದ್ದೂ ಇತಿಹಾಸ. ತೆಂಡುಲ್ಕರ್ ಈ ಎಳೆಯನ್ನಿಟ್ಟುಕೊಂಡು, ಅಧಿಕಾರ ತನ್ನ ಕೈಗೊಂಬೆಗಳನ್ನು ಹೇಗೆ ಬೆಳೆಸಿ ಹೇಗೆ ಬಿಸಾಡುತ್ತದೆ ಎಂಬುದನ್ನು ಬರೆದರು. ಇದು ಐತಿಹಾಸಿಕ ನಾಟಕವಲ್ಲ ಎಂದೂ ಅವರು ಸ್ಪಷ್ಟಪಡಿಸಿದ್ದರು. ನಾಟಕದಲ್ಲಿ ಉತ್ತರದಿಂದ ಬಂದ ಬಡ ಬ್ರಾಹ್ಮಣ ಘಾಶೀರಾಮ್ ಪುಣೆಯಲ್ಲಿ ಅವಮಾನಕ್ಕೊಳಗಾಗುತ್ತಾನೆ. ಸೇಡಿಗಾಗಿ ಸ್ವಂತ ಮಗಳನ್ನೇ ಪೇಶ್ವೆಯ ಮಂತ್ರಿ ನಾನಾ ಫಡ್ನವೀಸನಿಗೆ ಒಪ್ಪಿಸಿ ಕೋತ್ವಾಲಿಕೆ ಪಡೆಯುತ್ತಾನೆ.

ಕೈಜೋಡಿಸಿದವರು

ತಂಡದ ಪ್ರಮುಖರು ವೃತ್ತಿನಿರತ ರಂಗಕರ್ಮಿಗಳಾಗಿರಲಿಲ್ಲ. ಜಬ್ಬಾರ್ ಪಟೇಲ್ ದೌಂಡ್‌ನಲ್ಲಿ ವೈದ್ಯರು. ನಾನಾ ಫಡ್ನವೀಸನ ಪಾತ್ರ ವಹಿಸಿದ ಮೋಹನ್ ಆಗಾಶೆ ಮನೋವೈದ್ಯರು. ಜತೆಗಿದ್ದ ಸತೀಶ್ ಆಳೇಕರ್ ಜೀವರಸಾಯನ ವಿಜ್ಞಾನ ಓದಿದವರು. ಮುಂದೆ ಮರಾಠಿಯ ದೊಡ್ಡ ನಾಟಕಕಾರರಾದರು.

ಸಂಗೀತ ಭಾಸ್ಕರ್ ಚಂದಾವರ್ಕರ್ ಅವರದು. ರವಿಶಂಕರ್ ಅವರ ಬಳಿ ಸಿತಾರ್ ಕಲಿತು, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಪಾಠ ಹೇಳಿದವರು ಅವರು. ‘ವಂಶವೃಕ್ಷ’, ‘ಒಂದಾನೊಂದು ಕಾಲದಲ್ಲಿ’ ಚಿತ್ರಗಳ ಸಂಗೀತ ನಿರ್ದೇಶಕರೆಂದು ಕನ್ನಡಿಗರಿಗೂ ಪರಿಚಿತರು. ನೃತ್ಯ ಸಂಯೋಜನೆ ಕೃಷ್ಣದೇವ್ ಮುಳಗುಂದ್ ಅವರದು. ಒಬ್ಬರ ಹೆಸರಲ್ಲಿ ಉತ್ತರ ಕನ್ನಡದ ಚಂದಾವರ, ಇನ್ನೊಬ್ಬರ ಹೆಸರಲ್ಲಿ ಗದಗ ಜಿಲ್ಲೆಯ ಮುಳಗುಂದ ಉಳಿದಿರುವುದು ಕನ್ನಡದ ಕಿವಿಗೆ ತಟ್ಟದೆ ಇರದು.

ಕೀರ್ತನೆ, ಅಭಂಗ, ಲಾವಣಿ, ತಮಾಷಾ, ದಶಾವತಾರ ಎಲ್ಲವೂ ಈ ನಾಟಕದಲ್ಲಿ ಬೆರೆತಿವೆ. ಯಾವ ಸಾಲು ಮಾತಾಗಿ ಉಳಿಯಬೇಕು, ಯಾವುದು ಹಾಡಾಗಬೇಕು, ಎಲ್ಲಿ ಹೆಜ್ಜೆ ಬೀಳಬೇಕು ಎಂಬುದನ್ನು ಇಂಥ ನಾಟಕದಲ್ಲಿ ನಿರ್ದೇಶಕನೊಬ್ಬನೇ ಕುಳಿತು ನಿರ್ಧರಿಸಲಾಗದು.

ಗೋಡೆ ಕೆಲಸ ಮಾಡುವ ರೀತಿ

ರಂಗದ ಹಿಂಭಾಗದಲ್ಲಿ ಹನ್ನೆರಡು ಮಂದಿ ಬ್ರಾಹ್ಮಣರು ಸಾಲಾಗಿ ನಿಂತು ತೂಗಾಡುತ್ತ ಹಾಡುತ್ತಾರೆ. ಕೊಂಕಣದ ಖೇಳೆ ಎಂಬ ಜನಪದ ಆಟದ ನೆರಳು ಇಲ್ಲಿದೆ. ಈ ಸಾಲೇ ನಾಟಕದ ಪರದೆ, ಸೆಟ್ಟು, ಹಿಮ್ಮೇಳ, ಊರು. ಮುಖ ತೋರಿದರೆ ಭಕ್ತರ ಗುಂಪು. ಬೆನ್ನು ತಿರುಗಿಸಿದರೆ ಗೋಡೆ. ಅದರ ಹಿಂದೆ ನಡೆಯುವ ಅನಾಚಾರ ಪ್ರೇಕ್ಷಕನಿಗೆ ಕಾಣದು. ಸಾಲು ಒಡೆದರೆ ಬೀದಿ, ಮತ್ತೆ ಕೂಡಿದರೆ ರೊಚ್ಚಿಗೆದ್ದ ಜನ.

ಗೋಡೆಯ ಅರ್ಥ ನಿಂತಿರುವುದು ಈ ತಿರುಗುವಿಕೆಯಲ್ಲಿ. ತಪ್ಪನ್ನು ಮುಚ್ಚುವವರೂ ಅದೇ ಜನ, ಕೊನೆಗೆ ನ್ಯಾಯ ಕೇಳುವವರೂ ಅದೇ ಜನ. ಇದನ್ನು ಒಬ್ಬ ತಾರಾನಟ ತೋರಿಸಲಾರ. ಹನ್ನೆರಡು ಮಂದಿ ಒಂದೇ ಉಸಿರಿಗೆ ತಿರುಗಬೇಕು. ಒಬ್ಬ ತಡಮಾಡಿದರೂ ಗೋಡೆಯಲ್ಲಿ ಬಿರುಕು ಕಾಣುತ್ತದೆ. ಚಂದಾವರ್ಕರ್ ಅವರ ತಾಳ, ಮುಳಗುಂದ್ ಅವರ ಹೆಜ್ಜೆ, ಪಟೇಲರ ಕಣ್ಣು ಮೂರೂ ಆ ಒಂದು ಕ್ಷಣದಲ್ಲಿ ಸೇರುತ್ತವೆ.

ಹತ್ತೊಂಬತ್ತರ ನಂತರ

ನಾಟಕವನ್ನು ಮೊದಲು ಆಡಿದ್ದು ಪ್ರೋಗ್ರೆಸಿವ್ ಡ್ರಾಮ್ಯಾಟಿಕ್ ಅಸೋಸಿಯೇಷನ್. ನಾಟಕ ಬ್ರಾಹ್ಮಣ ವಿರೋಧಿ, ನಾನಾ ಫಡ್ನವೀಸರಿಗೆ ಅವಮಾನ ಎಂಬ ಗದ್ದಲವೆದ್ದು, 19 ಪ್ರದರ್ಶನಗಳ ನಂತರ ಸಂಸ್ಥೆ ಅದನ್ನು ನಿಲ್ಲಿಸಿತು. ಪಟೇಲ್, ಆಗಾಶೆ, ಆಳೇಕರ್ ಮತ್ತಿತರರು ಒಟ್ಟಾಗಿ ಹೊರಬಂದು 1973ರ ಮಾರ್ಚ್ 27ರಂದು ಥಿಯೇಟರ್ ಅಕಾಡೆಮಿ ಸ್ಥಾಪಿಸಿದರು. 1974ರ ಜನವರಿಯಲ್ಲಿ ನಾಟಕ ಮತ್ತೆ ಶುರುವಾಯಿತು. 1980ರಲ್ಲಿ ವಿರೋಧದ ನಡುವೆಯೇ ಯುರೋಪಿಗೂ ಹೋಗಿಬಂತು. ನಿರ್ದೇಶಕನೊಬ್ಬನದೇ ಕೃತಿಯಾಗಿದ್ದರೆ ಅವನೊಬ್ಬನೇ ಹೊರಬರುತ್ತಿದ್ದ. ಎಲ್ಲರದಾಗಿದ್ದರಿಂದ ತಂಡವೇ ಎದ್ದು ಬಂತು.

ಕರ್ನಾಟಕದ ದಾರಿಗಳು

ಇಲ್ಲಿ ಬಿ.ವಿ. ಕಾರಂತರು ಸಂಗೀತದ ಬಾಗಿಲಿನಿಂದ ಇದೇ ಕೂಡುಕಟ್ಟಿಗೆ ಬಂದರು. ಕೈಗೆ ಸಿಕ್ಕ ಕಲ್ಲು, ಕೋಲು, ಚಿಪ್ಪುಗಳಿಂದಲೂ ಅವರ ತಾಲೀಮಿನಲ್ಲಿ ನಾದ ಹುಟ್ಟುತ್ತಿತ್ತು. ನಟರ ಗಂಟಲೇ ಗಾಳಿ, ಮಳೆ ಆಗುತ್ತಿತ್ತು. 1989ರಲ್ಲಿ ಅವರ ನೇತೃತ್ವದಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣ, ನಟರು ವರ್ಷಾನುಗಟ್ಟಲೆ ಜತೆಗಿದ್ದು ಬೆಳೆಯಲು ಜಾಗ ಒದಗಿಸಿತು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ 1985ರಲ್ಲಿ ಹೊರಡಿಸಿದ ‘ತಿರುಗಾಟ’ ಎಂಬ ಸಂಚಾರಿ ನಾಟಕ ತಂಡದಲ್ಲಿ ರಂಗ ಕಟ್ಟುವ, ಬಿಚ್ಚುವ ಕೆಲಸಕ್ಕೆ ಬೇರೆ ಆಳುಗಳಿಲ್ಲ. ಸಂಜೆ ರಾಜನಾದವನು ರಾತ್ರಿ ಪೆಟ್ಟಿಗೆ ಹೊರುತ್ತಾನೆ.

ತೊಡಕುಗಳು

ಈ ಕ್ರಮ ಸಮಯ ಬೇಡುತ್ತದೆ. ಎಲ್ಲರ ಮಾತೂ ಸೇರಿಕೊಂಡರೆ ನಾಟಕ ಕಲಸುಮೇಲೋಗರವಾಗುವ ಭಯವಿದೆ. ಬೇಡವೆನ್ನುವ ಧೈರ್ಯ ನಿರ್ದೇಶಕನಿಗಿರಬೇಕು. ಹೆಸರಿನ ಪ್ರಶ್ನೆಯೂ ಇದೆ: ತಾಲೀಮಿನಲ್ಲಿ ನಟ ಹುಟ್ಟಿಸಿದ ಹೊಳಹು ವಿಮರ್ಶೆಯಲ್ಲಿ ನಿರ್ದೇಶಕನ ಖಾತೆಗೆ ಜಮೆಯಾಗುವುದೇ ಹೆಚ್ಚು.

ಖರಾಡಿಯ ಓದುಗರಿಗೆ

ತಾಲೀಮು ಎಂಬ ಪದ ಮರಾಠಿಯಲ್ಲೂ ಕನ್ನಡದಲ್ಲೂ ಒಂದೇ. ಪುಣೆಯ ಆ ವೈದ್ಯರಿಗೂ ಹಗಲಿಗೆ ಬೇರೆ ಕೆಲಸವಿತ್ತು. ಖರಾಡಿಯ ಕಚೇರಿಗಳಲ್ಲಿ ದುಡಿಯುವ ಕನ್ನಡಿಗರು ಒಂದು ಭಾನುವಾರ ಸದಾಶಿವ ಪೇಠಕ್ಕೆ ಹೋಗಿ ಯಾವುದಾದರೂ ಮರಾಠಿ ನಾಟಕ ನೋಡಿ ಬರಲಿ. ಭಾಷೆ ಪೂರ್ತಿ ಬಾರದಿದ್ದರೂ ಚಿಂತೆಯಿಲ್ಲ. ಮುಂದೆ ನಿಂತು ಮಾತಾಡುವವನನ್ನು ಬಿಟ್ಟು, ಹಿಂದೆ ಸಾಲಾಗಿ ನಿಂತವರನ್ನು ಸ್ವಲ್ಪ ಹೊತ್ತು ನೋಡಿ.