ಬೇಸ್‌ಬಾಲಿನ ಸರ್ವಶ್ರೇಷ್ಠರು: ದಾಖಲೆಯ ಎಲ್ಲೆಯ ಪ್ರಶ್ನೆ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಬೇಸ್‌ಬಾಲ್ ಆಟದ ಸರ್ವಶ್ರೇಷ್ಠನು ಯಾರೆಂಬ ವಾದವು ಬಹುಕಾಲದಿಂದ ನಡೆದುಬಂದಿದೆ. ಮೇಲ್ನೋಟಕ್ಕೆ ಇದು ಅಭಿಮಾನಿಗಳ ಹರಟೆಯೆಂದು ತೋರಬಹುದು. ಆದರೆ ಈ ವಾದದಲ್ಲಿ ಎಲ್ಲ ಪಕ್ಷದವರೂ ಪ್ರಮಾಣವೆಂದು ಹಿಡಿಯುವುದು ಅಂಕಿ-ಅಂಶಗಳ ದಾಖಲೆಯನ್ನೇ. ಆ ದಾಖಲೆಯಲ್ಲಿ ಯಾರ ಆಟವನ್ನು ಸೇರಿಸತಕ್ಕುದು, ಯಾರದನ್ನು ಬಿಡತಕ್ಕುದು ಎಂಬುದನ್ನು ನಿರ್ಣಯಿಸಿದವರಾರು? ಇತಿಹಾಸದ ವಿದ್ಯಾರ್ಥಿಗಳಾದ ನಾವು ಮೊದಲು ಕೇಳಬೇಕಾದ ಪ್ರಶ್ನೆ ಇದು.

1936ರಲ್ಲಿ ಕೀರ್ತಿಭವನಕ್ಕೆ ಮೊದಲ ಆಯ್ಕೆ ನಡೆದಾಗ ಮತ ನೀಡಿದ 226 ಮಂದಿ ಪತ್ರಿಕಾ ಲೇಖಕರಲ್ಲಿ 222 ಮಂದಿ ಟೈ ಕಾಬ್‌ನನ್ನು ಆರಿಸಿದರು. ಬೇಬ್ ರೂತ್ ಮತ್ತು ಹೋನಸ್ ವ್ಯಾಗ್ನರ್ ಇಬ್ಬರಿಗೂ ದೊರೆತವು 215 ಮತಗಳು. ಇಂದಿನ ಓದುಗನಿಗೆ ಇದು ಅಚ್ಚರಿಯೆನಿಸಬಹುದು. ರೂತ್ 714 ಹೋಮ್ ರನ್‌ಗಳನ್ನು, ಎಂದರೆ ಒಂದೇ ಹೊಡೆತಕ್ಕೆ ನಾಲ್ಕು ನೆಲೆಗಳನ್ನೂ ಸುತ್ತಿಬರುವ ಓಟಗಳನ್ನು, ಗಳಿಸಿದ್ದನು; ಸಾಲದೆಂಬಂತೆ ಚೆಂಡು ಎಸೆಯುವವನಾಗಿಯೂ 94 ಪಂದ್ಯಗಳನ್ನು ಗೆದ್ದಿದ್ದನು. ಕಾಬ್‌ನ ಹಿರಿಮೆಯು ಬ್ಯಾಟಿಂಗ್ ಸರಾಸರಿಯದು. ಕ್ರಿಕೆಟ್ಟಿನ ಸರಾಸರಿಯೊಡನೆ ಇದನ್ನು ಗೊಂದಲಿಸಬಾರದು: ಇಲ್ಲಿ ಎಣಿಸುವುದು, ದಾಂಡಿಗನ ಲೆಕ್ಕಕ್ಕೆ ಬರುವ ಸರದಿಗಳಲ್ಲಿ ಎಷ್ಟು ಪಾಲು ಯಶಸ್ವಿ ಹೊಡೆತಗಳಾದುವು ಎಂಬುದನ್ನು. ಕಾಬ್‌ನ ಅಧಿಕೃತ ಸರಾಸರಿ 0.367. ಅದನ್ನು ಮೀರಿದವರು ಬಹುಕಾಲ ಯಾರೂ ಇರಲಿಲ್ಲ. ಅಥವಾ ಇರಲಿಲ್ಲವೆಂದು ದಾಖಲೆಯು ಹೇಳುತ್ತಿತ್ತು.

ಈ ದಾಖಲೆಯು ನಿರ್ಮಿತವಾದ ಬಗೆಯನ್ನು ಗಮನಿಸಬೇಕು. 1884ರಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ವರ್ಣದ ಆಟಗಾರನು ಟೊಲೀಡೊ ತಂಡದ ಪರವಾಗಿ ಪ್ರಧಾನ ಲೀಗೊಂದರಲ್ಲಿ ಆಡಿದ್ದನು. ಅನಂತರ ತಂಡಗಳ ಒಡೆಯರ ನಡುವಣ ಅಲಿಖಿತ ಒಪ್ಪಂದದಿಂದ ಆ ಬಾಗಿಲು ಮುಚ್ಚಿತು. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್‌ಸನ್ ಬ್ರೂಕ್ಲಿನ್ ತಂಡದ ಪರವಾಗಿ ಕಣಕ್ಕಿಳಿಯುವವರೆಗೂ ತೆರೆಯಲಿಲ್ಲ. ಹೊರಗುಳಿದವರು 1920ರಿಂದ ತಮ್ಮವೇ ಆದ ನೀಗ್ರೋ ಲೀಗ್‌ಗಳನ್ನು ಕಟ್ಟಿಕೊಂಡರು. 1969ರಲ್ಲಿ ಪ್ರಧಾನ ಲೀಗ್‌ಗಳಾವುವೆಂದು ನಿರ್ಣಯಿಸಲು ಕುಳಿತ ಸಮಿತಿಯು, 1884ರಲ್ಲಿ ಒಂದೇ ಋತು ನಡೆದು ಅಳಿದ ಯೂನಿಯನ್ ಅಸೋಸಿಯೇಷನ್ನಿಗೂ ಆ ಪದವಿಯನ್ನು ಕೊಟ್ಟಿತು. ದಶಕಗಳ ಕಾಲ ನಡೆದ ನೀಗ್ರೋ ಲೀಗ್‌ಗಳನ್ನು ಪರಿಗಣಿಸಲೇ ಇಲ್ಲ. ಶಾಸನ ದೊರೆತಿಲ್ಲವೆಂಬ ಮಾತ್ರಕ್ಕೆ ಅರಸನೇ ಇರಲಿಲ್ಲವೆಂದು ಬರೆಯುವ ಇತಿಹಾಸಕಾರನನ್ನು ನಾವು ಒಪ್ಪುವೆವೇ? ಇಲ್ಲಿಯಂತೂ ಆಧಾರಗಳು ಆ ಕಾಲದ ಕಪ್ಪು ಜನಾಂಗದ ವಾರಪತ್ರಿಕೆಗಳಲ್ಲಿ ಅಚ್ಚಾಗಿ ಬಿದ್ದಿದ್ದುವು.

ಆ ಪತ್ರಿಕೆಗಳಿಂದ ಪಂದ್ಯಪಂದ್ಯದ ವಿವರಗಳನ್ನು ಸಂಶೋಧಕರು ವರ್ಷಗಟ್ಟಲೆ ಹೆಕ್ಕಿ ತೆಗೆದರು. 2020ರ ಡಿಸೆಂಬರಿನಲ್ಲಿ, 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗ್‌ಗಳಿಗೆ ಪ್ರಧಾನ ಲೀಗಿನ ಮಾನ್ಯತೆ ದೊರೆಯಿತು. 2024ರ ಮೇ ತಿಂಗಳಲ್ಲಿ 2,300ಕ್ಕೂ ಹೆಚ್ಚು ಆಟಗಾರರ ಅಂಕಿಗಳು ಅಧಿಕೃತ ದಾಖಲೆಯನ್ನು ಸೇರಿದುವು. ಜಾಷ್ ಗಿಬ್ಸನ್‌ನ 0.372 ಸರಾಸರಿಯು ಕಾಬ್‌ನನ್ನು ಎರಡನೆಯ ಸ್ಥಾನಕ್ಕೆ ಇಳಿಸಿತು.

ಇದಕ್ಕೆ ಬಂದ ಆಕ್ಷೇಪಣೆಯು ತಳ್ಳಿಹಾಕುವಂಥದಲ್ಲ. ಕಾಬ್‌ನ ಸರಾಸರಿಯ ಹಿಂದೆ 11,000ಕ್ಕೂ ಮೀರಿದ ಸರದಿಗಳಿವೆ. ಗಿಬ್ಸನ್‌ನವು ಸುಮಾರು 2,200 ಮಾತ್ರ. ಸರದಿಗಳು ಕಡಿಮೆಯಾದಷ್ಟೂ ಸರಾಸರಿಯು ಏರುಪೇರಾಗುವ ಸಂಭವ ಹೆಚ್ಚು. ಆದರೆ ಈ ಕೊರತೆಗೆ ಹೊಣೆ ಆಟಗಾರನಲ್ಲ. ಹೊಟ್ಟೆಪಾಡಿಗಾಗಿ ಆ ತಂಡಗಳು ಊರೂರು ತಿರುಗಿ ಆಡಿದ ಪ್ರದರ್ಶನ ಪಂದ್ಯಗಳು ಲೆಕ್ಕಕ್ಕೆ ಬರವು. ಕೀರ್ತಿಭವನದ ಫಲಕವು ಗಿಬ್ಸನ್‌ಗೆ ಸುಮಾರು 800 ಹೋಮ್ ರನ್‌ಗಳನ್ನು ಹೇಳಿದರೆ, ಅಧಿಕೃತ ಪಟ್ಟಿಯಲ್ಲಿ 200 ಕೂಡ ಇಲ್ಲದಿರುವುದು ಇದರಿಂದಲೇ. ಮೇಲಾಗಿ, ಸಾಂಕ್ರಾಮಿಕದ ವರ್ಷವಾದ 2020ರಲ್ಲಿ ತಂಡಗಳಿಗೆ ಗೊತ್ತುಮಾಡಿದ್ದು 60 ಪಂದ್ಯಗಳಷ್ಟೆ. ಅದನ್ನು ಋತುವೆಂದು ಒಪ್ಪಿದವರು ಹಿಂದಿನವರ ಚಿಕ್ಕ ಋತುವನ್ನು ತಿರಸ್ಕರಿಸಲು ನ್ಯಾಯವಿಲ್ಲ.

ಕಾಬ್ ಮತ್ತು ರೂತರ ಅಂಕಿಗಳೂ ನಿಷ್ಕಳಂಕವಲ್ಲವೆಂಬುದನ್ನು ವಾದಿಗಳು ಸಾಮಾನ್ಯವಾಗಿ ಮರೆಯುತ್ತಾರೆ. ಅವರು ಎದುರಿಸಿದ್ದು ಬಣ್ಣದ ಗೆರೆಯು ಸೋಸಿ ಕಳುಹಿಸಿದ ಎದುರಾಳಿಗಳನ್ನು ಮಾತ್ರ. ಎಸೆತಗಾರ ಸ್ಯಾಚೆಲ್ ಪೇಜ್ ಪ್ರಧಾನ ಲೀಗಿಗೆ ಬಂದುದು 1948ರಲ್ಲಿ, 42ರ ವಯಸ್ಸಿನಲ್ಲಿ. ಗಿಬ್ಸನ್‌ಗೆ ಅಷ್ಟೂ ದೊರೆಯಲಿಲ್ಲ. ರಾಬಿನ್‌ಸನ್ ಆಡಲು ಮೂರು ತಿಂಗಳಿರುವಾಗ, 35ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು. ಈ ಕಾರಣದಿಂದ, ಆ ಕಾಲದ ಯಾರನ್ನೇ ಆಗಲಿ ನಿರ್ವಿವಾದವಾಗಿ ಸರ್ವಶ್ರೇಷ್ಠನೆನ್ನಲು ಆಧಾರವಿಲ್ಲವೆಂಬುದೇ ನಮ್ಮ ಅಭಿಪ್ರಾಯ. ಗಿಬ್ಸನ್‌ನ ಮೊದಲ ಸ್ಥಾನಕ್ಕೂ ಇದು ಅನ್ವಯಿಸುತ್ತದೆ.

ಹೊಸದಾಗಿ ಎಳೆದ ಎಲ್ಲೆಯೂ ಒಂದು ಎಲ್ಲೆಯೇ. ವಿಲ್ಲಿ ಮೇಸ್ 1948ರಲ್ಲಿ ಬರ್ಮಿಂಗ್‌ಹ್ಯಾಮ್ ಬ್ಲ್ಯಾಕ್ ಬ್ಯಾರನ್ಸ್ ತಂಡದಲ್ಲಿ ಗಳಿಸಿದ 10 ಹೊಡೆತಗಳು ಸೇರಿ ಅವನ ಮೊತ್ತವು 3,283ರಿಂದ 3,293ಕ್ಕೆ ಏರಿತು. 1974ರಲ್ಲಿ ರೂತ್‌ನ 714ನ್ನು ದಾಟಿದ ಹ್ಯಾಂಕ್ ಆರನ್ ಇಂಡಿಯಾನಾಪೊಲಿಸ್ ಕ್ಲೌನ್ಸ್ ತಂಡದಲ್ಲಿ ಆಡಿದ್ದು 1952ರಲ್ಲಿ. ಆ ವರ್ಷವು ಎಲ್ಲೆಯಿಂದ ಹೊರಗುಳಿದುದರಿಂದ ಅವನ 755 ಹಾಗೆಯೇ ಉಳಿದಿದೆ.