ಹೊಸೂರಿನಿಂದ ಓಹಿಯೋಗೆ

ಗೌರಿಬಿದನೂರಿನ ಮಕ್ಕಳು ಈಗ ಎಂ.ಎಸ್. ಓದಲು ಅಮೆರಿಕಕ್ಕೆ ಹೊರಟಾಗ, ಅವರಿಗೆ ನಾನು ತಪ್ಪದೆ ಹೇಳುವ ಹೆಸರು ಎಚ್. ನರಸಿಂಹಯ್ಯನವರದು.

ನಮ್ಮ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದವರು. ಮನೆಯಲ್ಲಿ ಕಡುಬಡತನ. ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದುಕೊಂಡೇ ಹೋದರು. 1942ರ ಕ್ವಿಟ್ ಇಂಡಿಯಾ ಚಳವಳಿಗಾಗಿ ಓದು ಬಿಟ್ಟು ಜೈಲು ಸೇರಿದರು. ಆಮೇಲೆ ಎಂ.ಎಸ್ಸಿ. ಮುಗಿಸಿ, 1946ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾದರು.

1957ರಲ್ಲಿ ಅಮೆರಿಕದ ಕೊಲಂಬಸ್ಸಿನ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೊರಟಾಗ ಅವರ ವಯಸ್ಸು ಮೂವತ್ತೇಳು. ಹತ್ತು ವರ್ಷಕ್ಕೂ ಹೆಚ್ಚು ಪಾಠ ಹೇಳಿದವರು ಮತ್ತೆ ಬೆಂಚಿನ ಮೇಲೆ ಕೂರಬೇಕು. ಅಲ್ಲಿಯ ಪದ್ಧತಿಯೇ ಬೇರೆ: ವರ್ಷದ ಕೊನೆಯ ಒಂದು ಪರೀಕ್ಷೆಗೆ ಓದಿದರೆ ಸಾಲದು, ತರಗತಿಯ ಪಾಠ, ಬಿಡಿಸಿ ಒಪ್ಪಿಸಬೇಕಾದ ಲೆಕ್ಕಗಳು, ಅರ್ಹತಾ ಪರೀಕ್ಷೆ, ಆಮೇಲೆ ಪ್ರಯೋಗಾಲಯ. ನಾನಾ ದೇಶಗಳಿಂದ ಬಂದ, ತಮಗಿಂತ ಎಷ್ಟೋ ಕಿರಿಯರ ನಡುವೆ ದುಡಿದು, 1960ರಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು.

ಅಮೆರಿಕದಲ್ಲೇ ನಿಲ್ಲಲಿಲ್ಲ. ತಮ್ಮ ಕಾಲೇಜಿಗೇ ಮರಳಿ ಪ್ರಿನ್ಸಿಪಾಲರಾದರು. ಹಾಸ್ಟೆಲ್ ಕೋಣೆಯಲ್ಲೇ ವಾಸ. ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಅಲ್ಲಿ ವಿಜ್ಞಾನಿಗಳು ಜನಸಾಮಾನ್ಯರಿಗೆ ಉಪನ್ಯಾಸ ಕೊಡತೊಡಗಿದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. 'ಪ್ರಶ್ನಿಸದೆ ಒಪ್ಪಬೇಡಿ' ಎಂಬುದು ಅವರ ಬದುಕಿನ ಸೂತ್ರವೇ ಆಗಿತ್ತು.

ಮಕ್ಕಳೇ, ದೂರದ ತರಗತಿಯಲ್ಲಿ ಹಳ್ಳಿಯವರೆಂದು ಕುಗ್ಗಬೇಡಿ. ಕೈಯೆತ್ತಿ ಪ್ರಶ್ನೆ ಕೇಳಿ. ಕಲಿತದ್ದರಲ್ಲಿ ಒಂದು ಪಾಲನ್ನು ಈ ಊರಿಗೂ ಕೊಡಿ.