ಫ್ಯಾಕ್ಟರಿ ಬಸ್ಸು ನಿಲ್ಲುವ ಬೀದಿ

1941ರ ಜನಗಣತಿಯ ಹೊತ್ತಿಗೆ ಬೆಂಗಳೂರಿನಲ್ಲಿ, ದಂಡು ಪ್ರದೇಶವನ್ನೂ ಸೇರಿಸಿಕೊಂಡು, ಇದ್ದವರು ನಾಲ್ಕು ಲಕ್ಷದ ಆಸುಪಾಸು. 1951ಕ್ಕೆ ಅದು ಏಳೂಮುಕ್ಕಾಲು ಲಕ್ಷ. ನಡುವಿನ ಹತ್ತು ವರ್ಷಗಳಲ್ಲಿ ವಾಲ್‌ಚಂದ್ ಹೀರಾಚಂದರ ವಿಮಾನ ಕಾರ್ಖಾನೆ ಬೆಳೆಯಿತು, ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು, ಟೆಲಿಫೋನ್ ಕಾರ್ಖಾನೆ ತಲೆಯೆತ್ತಿತು. ಹಾಸನ, ತುಮಕೂರು, ಕೋಲಾರದ ಕಡೆಯ ಹುಡುಗರು ಕೆಲಸದ ಆರ್ಡರು ಹಿಡಿದು ರೈಲಿನಿಂದ ಇಳಿದರು. ಒಂಟಿಯಾಗಿದ್ದಷ್ಟು ದಿನ ಹೋಟೆಲಿನ ಮೇಲಿನ ರೂಮಿನಲ್ಲೋ ನೆಂಟರ ಮನೆಯ ಪಡಸಾಲೆಯಲ್ಲೋ ಕಾಲ ತಳ್ಳಬಹುದಿತ್ತು. ಸಂಸಾರ ಕರೆತರುವ ಹೊತ್ತು ಬಂದಾಗ ತಲೆಬಿಸಿ ಶುರು: ಮನೆ ಯಾವ ಕಡೆ ಹಿಡಿಯುವುದು?

ಈ ಪ್ರಶ್ನೆ ಬೆಂಗಳೂರಿಗೆ ಹಳೆಯದು. ಉತ್ತರ ಮಾತ್ರ ತಲೆಮಾರಿಗೊಂದು. ಗಾಳಿ ನೋಡಿ ಮನೆ ಹಿಡಿದವರ ಕಾಲವೊಂದಿತ್ತು, ನಲ್ಲಿ ನೋಡಿ ಹಿಡಿದವರದೊಂದು, ಬಸ್ಸು ನೋಡಿ ಹಿಡಿದವರದು ಇನ್ನೊಂದು. ಸಂಸಾರಸ್ಥರ ಬಡಾವಣೆ ಎಂದು ಇವತ್ತು ಹೆಸರಾದ ಜಾಗಗಳ ಗುಣವೆಲ್ಲ ನಕ್ಷೆ ಬರೆದವರ ಜಾಣತನ ಎಂದುಕೊಳ್ಳುವುದು ಅರ್ಧ ಸತ್ಯವಷ್ಟೆ. ಕೆಲಸದ ವೇಳೆಯೇ ಅವುಗಳಲ್ಲಿ ಬಹಳಷ್ಟನ್ನು ರೂಪಿಸಿದೆ.

ಗಾಳಿಯ ಕಾಲ ಶುರುವಾದದ್ದು 1898ರ ಆಗಸ್ಟಿನಲ್ಲಿ. ಹುಬ್ಬಳ್ಳಿ ಕಡೆಯಿಂದ ರೈಲಿನ ದಾರಿ ಹಿಡಿದು ಬಂದ ಪ್ಲೇಗು ಪೇಟೆಯ ಇಕ್ಕಟ್ಟು ಗಲ್ಲಿಗಳಲ್ಲಿ ಹಬ್ಬಿತು. ಮನೆಯಲ್ಲಿ ಇಲಿ ಸತ್ತು ಬಿತ್ತೆಂದರೆ ಪಾತ್ರೆಪಗಡೆ ಹೊತ್ತು ಊರಾಚೆ ಗುಡಿಸಲು ಸೇರಬೇಕು. ಚಾಮರಾಜಪೇಟೆ ಆಗಲೇ, 1892ರಲ್ಲಿ, ಎದ್ದಿತ್ತು. ಬಸವನಗುಡಿ ಮತ್ತು ಮಲ್ಲೇಶ್ವರಗಳ ಯೋಚನೆಯೂ ಸರ್ಕಾರಕ್ಕೆ ಮೊದಲೇ ಇತ್ತು. ಪ್ಲೇಗು ಅದಕ್ಕೆ ಅವಸರ ತಂದಿತು. ಗೀಟೆಳೆದಂಥ ನೇರ ರಸ್ತೆ, ಮನೆಮನೆಯ ನಡುವೆ ಜಾಗ, ಕಿಟಕಿ ತೆರೆದರೆ ಬೆಳಕು. ದಂಡಿನ ಕಡೆ ಫ್ರೇಜರ್ ಟೌನ್ ಕೂಡ ಇದೇ ಭಯದ ಕೂಸು.

ಆ ಬಡಾವಣೆಗಳ ಹಿತ್ತಿಲ ಹಿಂದೆ ಒಂದು ಸಣ್ಣ ಓಣಿ ಓಡುತ್ತಿತ್ತು, ಕೆಲವು ಕಡೆ ಈಗಲೂ ಇದೆ. ಕನ್ಸರ್ವೆನ್ಸಿ ಎಂದರೆ ಮಲ್ಲೇಶ್ವರದ ಹಳಬರಿಗೆ ಗೊತ್ತು. ಒಣ ಪಾಯಖಾನೆಯ ಮಲ ಹೊರುವವರು ಮುಂಬೀದಿಯಲ್ಲಿ ಕಣ್ಣಿಗೆ ಬೀಳದಂತೆ ಬಂದು ಹೋಗಲೆಂದು ಮಾಡಿದ ದಾರಿ ಅದು. ಆರಂಭದಲ್ಲಿ ನಿವೇಶನ ಹಂಚಿದ್ದೂ ಜಾತಿ ಸಮುದಾಯ ನೋಡಿಯೇ. ಸುಸಜ್ಜಿತ ಬಡಾವಣೆಯ ಚೊಕ್ಕತನದ ಲೆಕ್ಕದಲ್ಲಿ ಈ ಹಿಂದಿನ ಓಣಿಯನ್ನೂ ಸೇರಿಸಬೇಕು.

ಸೈಟು ಕೊಂಡು ಮನೆ ಕಟ್ಟಿಸುವ ಶಕ್ತಿ ಇದ್ದದ್ದು ಅಧಿಕಾರಿಗಳಿಗೆ, ವಕೀಲರಿಗೆ, ವ್ಯಾಪಾರಿಗಳಿಗೆ. ಉಳಿದ ಗುಮಾಸ್ತ, ಮೇಷ್ಟ್ರು, ಫಿಟ್ಟರುಗಳ ಪಾಲಿಗೆ ವಠಾರ. ಒಂದು ದೊಡ್ಡ ಬಾಗಿಲು, ಒಳಗೆ ಎದುರುಬದುರಾಗಿ ಸಾಲುಮನೆ, ಒಂದು ಕೋಣೆ, ಒಂದು ಅಡುಗೆಮನೆ, ಎಲ್ಲರಿಗೂ ಸೇರಿ ಒಂದೋ ಎರಡೋ ನಲ್ಲಿ. ಹೆಸರಘಟ್ಟದ ನೀರು 1890ರ ದಶಕದಲ್ಲೇ ಊರಿಗೆ ಬಂದಿತ್ತು, 1933ಕ್ಕೆ ತಿಪ್ಪಗೊಂಡನಹಳ್ಳಿಯ ಜಲಾಶಯವೂ ಸಿದ್ಧವಾಯಿತು. ಆದರೂ ವಠಾರದ ನಲ್ಲಿ ಮುಂದೆ ಕೊಡಗಳ ಸಾಲು ತಪ್ಪಲಿಲ್ಲ. ನಿರಂಜನರ ‘ರಂಗಮ್ಮನ ವಠಾರ’ ಶ್ರೀರಾಮಪುರದ ಇಂಥದೇ ಒಂದು ಅಂಗಳವನ್ನು ಕಾದಂಬರಿಯಾಗಿಸಿತು.

ವಠಾರವನ್ನು ಬೈಯುವುದು ಸುಲಭ. ಗೋಡೆಗೂ ಕಿವಿ, ಸ್ನಾನಕ್ಕೂ ಸರದಿ, ಬಾಡಿಗೆ ಎರಡು ದಿನ ತಡವಾದರೆ ಮನೆಯೊಡತಿಯ ಮುಖ ದಪ್ಪ. ಆದರೆ ಹಳ್ಳಿಯಿಂದ ಹೊಸದಾಗಿ ಬಂದ ಹೆಂಗಸಿಗೆ, ಗಂಡ ಪಾಳಿಗೆ ಹೋದ ಮೇಲೆ ಊರಿನ ಪರಿಚಯ ಮಾಡಿಕೊಟ್ಟದ್ದು ಪಕ್ಕದ ಮನೆಯವರೇ. ಸೀಮೆಎಣ್ಣೆ ಎಲ್ಲಿ ಸಿಗುತ್ತದೆ, ಯಾವ ಡಾಕ್ಟರು ಕಡಿಮೆ ಫೀಸು ತಗೊಳ್ತಾರೆ, ಮಗುವನ್ನು ಯಾವ ಸ್ಕೂಲಿಗೆ ಹಾಕಬೇಕು, ಎಲ್ಲವೂ ನಲ್ಲಿ ಕಟ್ಟೆಯಲ್ಲೇ ತೀರ್ಮಾನ. ಮಕ್ಕಳನ್ನು ನೋಡಿಕೊಳ್ಳುವ ಕಣ್ಣುಗಳ ಲೆಕ್ಕದಲ್ಲಿ, ವಠಾರದಷ್ಟು ಸಂಸಾರಕ್ಕೆ ಒದಗಿದ ಜಾಗವನ್ನು ಬೆಂಗಳೂರು ಆಮೇಲೆ ಕಟ್ಟಲಿಲ್ಲ.

ಒಳಗೆ ಸೇರಿಸಿಕೊಂಡ ಮೇಲಿನ ಮಾತು ಇದು. ಬಾಗಿಲಲ್ಲಿ ಮೊದಲು ಎದುರಾಗುತ್ತಿದ್ದುದು, “ನೀವು ಯಾವ ಪೈಕಿ?” ಎರಡನೆಯದು, “ಮನೇಲಿ ಎಷ್ಟು ಜನ?” ಮೊದಲನೆಯದಕ್ಕೆ ಒಪ್ಪಿತವಾದ ಉತ್ತರ ಇಲ್ಲದವರು ಎರಡನೆಯದರ ತನಕ ಬರುತ್ತಲೇ ಇರಲಿಲ್ಲ. ಒಂಟಿ ಗಂಡಸರಿಗೂ ಮುಖಕ್ಕೆ ಬಾಗಿಲು. ‘ಸಂಸಾರಸ್ಥರಿಗೆ ಮಾತ್ರ’ ಎಂಬ ಬೋರ್ಡು ಬೆಂಗಳೂರಿನ ಬೀದಿಗಳಲ್ಲಿ ಇಂದಿಗೂ ತೂಗುತ್ತದೆ, ‘ಸಸ್ಯಾಹಾರಿಗಳಿಗೆ’ ಎಂಬ ಜೋಡಿಯ ಜೊತೆ.

ಕಾರ್ಖಾನೆಯ ಕ್ವಾರ್ಟರ್ಸು ಈ ವಿಷಯದಲ್ಲಿ ಬೇರೆಯೇ ಲೋಕ. 1940ರಲ್ಲಿ ವಿಮಾನದ ಎಚ್‌ಎಎಲ್, 1948ರಲ್ಲಿ ಟೆಲಿಫೋನಿನ ಐಟಿಐ, 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್. ದೂರವಾಣಿನಗರ, ಜಾಲಹಳ್ಳಿಗಳಲ್ಲಿ ಕಾರ್ಖಾನೆಯ ಜೊತೆಗೇ ಕಾಲೊನಿ, ಶಾಲೆ, ಆಸ್ಪತ್ರೆ, ಆಟದ ಮೈದಾನ ಬಂದವು. ಮನೆ ಹಂಚುತ್ತಿದ್ದುದು ಹುದ್ದೆಯ ದರ್ಜೆ ಮತ್ತು ಸರ್ವೀಸು ನೋಡಿ. ಹಾಗಾಗಿ ಮಂಡ್ಯದವರ ಗೋಡೆಗೆ ಪಾಲಕ್ಕಾಡಿನವರ ಗೋಡೆ ಅಂಟಿಕೊಂಡಿತು, ಎದುರಿಗೆ ತಮಿಳರು, ಹಿಂದೆ ತೆಲುಗರು. ಜಾಲಹಳ್ಳಿಯಲ್ಲಿ ಅಯ್ಯಪ್ಪನ ಗುಡಿ ಬಂದದ್ದು ಸಹಜವೇ. ಮೇಲುಕೀಳು ಇರಲಿಲ್ಲವೆಂದಲ್ಲ. ಆಫೀಸರುಗಳ ಮನೆಗೆ ತೋಟ, ಕೆಲಸಗಾರರದಕ್ಕೆ ಬಾಲ್ಕನಿ. ಆದರೆ ಆ ಮೇಲುಕೀಳು ಸಂಬಳದ್ದು, ಬಡ್ತಿ ಸಿಕ್ಕರೆ ದಾಟಬಹುದಾದದ್ದು.

ಕ್ವಾರ್ಟರ್ಸು ಎಲ್ಲರಿಗೂ ಸಾಲುತ್ತಿರಲಿಲ್ಲ, ಸಿಕ್ಕರೂ ಎಲ್ಲರಿಗೂ ಬೇಕಿರಲಿಲ್ಲ. ಜಾಲಹಳ್ಳಿ ಆಗ ಊರಿನಿಂದ ದೂರ. ಹೆಂಡತಿಗೆ ತವರು ಹತ್ತಿರ ಬೇಕು, ಮಕ್ಕಳಿಗೆ ಬಸವನಗುಡಿಯ ನ್ಯಾಷನಲ್ ಹೈಸ್ಕೂಲೇ ಬೇಕು, ಅಪ್ಪನಿಗೆ ಸಂಜೆ ದೇವಸ್ಥಾನ ಬೇಕು. ಇಷ್ಟನ್ನೂ ಕೂಡಿಸಿ ಕೊಟ್ಟದ್ದು ಫ್ಯಾಕ್ಟರಿ ಬಸ್ಸು. ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ 1945ರಲ್ಲಿ ಹುಟ್ಟಿತು. ಅದರ ಕೈಯಲ್ಲಿ ಜಯನಗರ, ರಾಜಾಜಿನಗರಗಳು ಬೆಳೆದವು. ಬೆಳಕು ಹರಿಯುವ ಹೊತ್ತಿಗೆ ಅಲ್ಲಿನ ಸರ್ಕಲ್ಲುಗಳಲ್ಲಿ ಬುತ್ತಿ ಹಿಡಿದ ಗಂಡಸರು, ಆಮೇಲಾಮೇಲೆ ಹೆಂಗಸರೂ, ತಂತಮ್ಮ ಕಾರ್ಖಾನೆಯ ಬಸ್ಸಿಗೆ ನಿಲ್ಲುತ್ತಿದ್ದರು. ಬಸ್ಸು ಒಂದು ನಿಮಿಷವೂ ಕಾಯುತ್ತಿರಲಿಲ್ಲ. ತಪ್ಪಿಸಿಕೊಂಡವನು ಎರಡು ಸಿಟಿ ಬಸ್ಸು ಬದಲಿಸಿ ಗೇಟು ಮುಟ್ಟುವಷ್ಟರಲ್ಲಿ ಅರ್ಧ ದಿನದ ರಜೆ ಕರಗಿರುತ್ತಿತ್ತು. ಹಾಗಾಗಿ ಸ್ಟಾಪಿಗೆ ನಡೆದು ಹೋಗುವಷ್ಟು ಹತ್ತಿರದ ಮನೆಗೆ ಬೇಡಿಕೆ. ಸಂಜೆ ಅದೇ ಬಸ್ಸು ಇಳಿಸುವ ಕಡೆ ತರಕಾರಿ ಗಾಡಿ, ಹೂವಿನವಳು, ಕಾಫಿಪುಡಿ ಅಂಗಡಿ. ಒಂದೇ ಹೊತ್ತಿಗೆ ಹೊರಟು ಒಂದೇ ಹೊತ್ತಿಗೆ ಮರಳುವ, ಹೆಚ್ಚುಕಡಿಮೆ ಒಂದೇ ಸಂಬಳದ ಮನೆಗಳು ಒಂದು ಬೀದಿಯಲ್ಲಿ ಕೂಡಿದ್ದರಿಂದಲೇ ಗಣೇಶನ ಚಂದಾ, ರಾಮನವಮಿ ಸಂಗೀತ, ಮಕ್ಕಳ ಕ್ರಿಕೆಟ್ಟು ಎಲ್ಲಕ್ಕೂ ಜನ ಸಿಕ್ಕರು.

ನಿವೃತ್ತಿಯಾದರೆ ಕ್ವಾರ್ಟರ್ಸು ಬಿಡಬೇಕಲ್ಲ? ಅದಕ್ಕೆ ನೌಕರರು ಗೃಹ ನಿರ್ಮಾಣ ಸಹಕಾರ ಸಂಘ ಕಟ್ಟಿಕೊಂಡರು. ತಿಂಗಳ ಕಂತು ಕಟ್ಟಿ, ಊರಂಚಿನ ಹೊಲಗಳಲ್ಲಿ ಸೈಟು ಪಡೆದರು. ಬೆಂಗಳೂರಿನ ನಕ್ಷೆ ಇವತ್ತಿಗೂ ಆ ಸಂಬಳದ ಚೀಟಿಗಳ ನೆನಪನ್ನು ಹೊತ್ತಿದೆ: ವಿದ್ಯಾರಣ್ಯಪುರದಲ್ಲಿ ಬಿಇಎಲ್ ಲೇಔಟು, ರಾಜರಾಜೇಶ್ವರಿನಗರದಲ್ಲಿ ಬಿಇಎಂಎಲ್ ಲೇಔಟು, ದಕ್ಷಿಣದಲ್ಲಿ ಇಸ್ರೋ ಲೇಔಟು. ಎನ್‌ಜಿಇಎಫ್ ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕ ಕಳೆದರೂ ಆ ಹೆಸರಿನ ಲೇಔಟಿನ ವಿಳಾಸಕ್ಕೆ ಕಾಗದ ತಪ್ಪದೆ ತಲುಪುತ್ತದೆ. 1974ರಲ್ಲಿ ಕಾವೇರಿ ನೀರು ನಗರ ಮುಟ್ಟಿದ ಮೇಲೆ ಮನೆ ನೋಡುವವರ ಬಾಯಲ್ಲಿ ಹೊಸ ಪ್ರಶ್ನೆ ಸೇರಿತು: ಕಾವೇರಿ ಕನೆಕ್ಷನ್ ಇದೆಯೋ, ಬರೀ ಬೋರ್‌ವೆಲ್ಲೋ? ಅಡ್ವಾನ್ಸು ಕೊಟ್ಟು ಬಾಡಿಗೆಗೋ, ಭೋಗ್ಯಕ್ಕೋ ಎಂಬ ಮಾತು ಅದಕ್ಕೆ ಉತ್ತರ ಸಿಕ್ಕ ಮೇಲೆಯೇ ಮುಂದುವರಿಯಬೇಕು.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು, ಅದರ ಹಿಂದೆ ಸಾಫ್ಟ್‌ವೇರಿನ ದಂಡು. ಕೆಲಸ ಎಲೆಕ್ಟ್ರಾನಿಕ್ಸ್ ಸಿಟಿಗೂ ವೈಟ್‌ಫೀಲ್ಡಿಗೂ ಸರಿಯಿತು. ವೈಟ್‌ಫೀಲ್ಡ್ ತಾನೇ ಸಂಸಾರಗಳಿಗೆಂದು ಹುಟ್ಟಿದ ಊರು ಎಂಬುದು ಅಲ್ಲಿ ಫ್ಲ್ಯಾಟು ಹುಡುಕುವ ಎಷ್ಟು ಜನಕ್ಕೆ ಗೊತ್ತೋ. 1882ರಲ್ಲಿ ಚಾಮರಾಜೇಂದ್ರ ಒಡೆಯರು ಕೊಟ್ಟ ಭೂಮಿಯಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿಕೊಂಡು ನೆಲೆಯೂರಲೆಂದು ಕಟ್ಟಿದ್ದು ಅದು. ಅದರ ನಡುವಿನ ವೃತ್ತ, ಇನ್ನರ್ ಸರ್ಕಲ್, ಈಗಲೂ ಇದೆ. ಸುತ್ತಲಿನ ಗೇಟೆಡ್ ಸಮುಚ್ಚಯಗಳು ಶಾಲೆ, ಕ್ಲಬ್ಬು, ಅಂಗಡಿಗಳನ್ನೆಲ್ಲ ಕಾಂಪೌಂಡಿನ ಒಳಗೋ ಪಕ್ಕದಲ್ಲೋ ಇಟ್ಟುಕೊಂಡು ಹಳೆಯ ಕಾರ್ಖಾನೆ ಕಾಲೊನಿಯನ್ನೇ ದುಬಾರಿ ಬೆಲೆಗೆ ಮತ್ತೆ ಕಟ್ಟಿವೆ. ದರ್ಜೆಯ ಬದಲು ಗೃಹಸಾಲ, ಅಷ್ಟೆ.

ಕಂಪನಿ ಕ್ಯಾಬಿನ ಕಾಲದಲ್ಲಿ ಬಸ್ ಸ್ಟಾಪಿನ ಬೆಲೆ ಕುಸಿಯಿತು. ಕ್ಯಾಬು ಮನೆ ಬಾಗಿಲಿಗೇ ಬರುತ್ತದೆ, ಆಮೇಲೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ನಿಲ್ಲುತ್ತದೆ. ಈಗ ಲೆಕ್ಕ ಮತ್ತೆ ಬದಲಾಗುತ್ತಿದೆ. 2023ರಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡ್ ತನಕ ಪೂರ್ಣಗೊಂಡಿತು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ಸ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ ಓಡತೊಡಗಿತು. ಕೆಲಸ ಅಲ್ಲಿ, ಮಕ್ಕಳ ಶಾಲೆ ಜಯನಗರದಲ್ಲಿ ಎಂಬ ಏರ್ಪಾಡು ಮತ್ತೆ ಸಾಧ್ಯವಾಗಿದೆ. ಬ್ರೋಕರುಗಳ ಜಾಹೀರಾತಿನಲ್ಲಿ ‘ಮೆಟ್ರೋಗೆ ಐದು ನಿಮಿಷ’ ಎಂಬುದು ‘ಕಾವೇರಿ ನೀರು’ ಎಂಬುದರ ಪಕ್ಕದಲ್ಲೇ ಬಂದು ಕೂತಿದೆ. ಐದು ನಿಮಿಷ ನಡಿಗೆಗೋ ಸ್ಕೂಟರಿಗೋ ಎಂಬುದನ್ನು ಮಾತ್ರ ಹೋಗಿ ನೋಡಿಯೇ ತಿಳಿಯಬೇಕು.